ಡೆಬಿಯನ್ 12 ಜೊತೆ ಎರಡು ವರ್ಷ: ಸಿಸ್ಟಮ್ ಗಟ್ಟಿ, ಟೂಲ್‌ಗಳು ಮಾತ್ರ ಹಳೇವು

2023ರ ಜೂನ್‌ನಲ್ಲಿ ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಬಂದ ಕೂಡ್ಲೇ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡಿದ್ದೆ, 2025ರಲ್ಲಿ 13ಕ್ಕೆ ಹೋಗೋವರ್ಗೂ ದಿನಾ ಅದ್ರಲ್ಲೇ ಕೆಲ್ಸ. ತಾನಾಗೇ ಅದು ಒಂದ್ಸಲಾನೂ ಕೆಟ್ಟಿಲ್ಲ, ಕೆಟ್ಟಿದ್ದೆಲ್ಲ ನಾನು ಕೈಯಾಡಿಸಿದ್ದಕ್ಕೆ.

ಟರ್ಮಿನಲ್‌ನಲ್ಲೇ ಕಮಾಂಡ್ ಟೈಪ್ ಮಾಡ್ಕೊಂಡು ಬದುಕೋರಿಗೆ ಇರೋ ತಲೆನೋವು ಅಂದ್ರೆ ರಿಲೀಸ್ ಹೊತ್ತಿಗೆ ಟೂಲ್‌ಗಳದ್ದು ಯಾವ ವರ್ಶನ್ ಇತ್ತೋ ಕೊನೇವರ್ಗೂ ಹೆಚ್ಚುಕಮ್ಮಿ ಅದೇ. ಟೆಕ್ಸ್ಟ್ ಎಡಿಟರ್ ನಿಯೋವಿಮ್ 0.7.2, ಕೋಡ್‌ನ ಬದಲಾವಣೆ ದಾಖಲಿಸೋ ಗಿಟ್ 2.39, ಹೀಗೆ. ಸೆಕ್ಯೂರಿಟಿ ಪ್ಯಾಚ್ ಆ ಹಳೇ ವರ್ಶನ್‌ಗೇ ಹಾಕಿ ಕೊಡ್ತಾರೆ, ಹಾಗಾಗಿ ಬರೀ ನಂಬರ್ ನೋಡಿ ಗಾಬರಿ ಆಗ್ಬೇಡಿ.

ನನ್ನ ಗೋಳು ಶುರುವಾಗಿದ್ದು ಎಫ್‌ಝಡ್‌ಎಫ್‌ನಿಂದ (ಪಟ್ಟಿಯಲ್ಲಿ ಬೇಕಾದ್ದನ್ನ ಥಟ್ಟಂತ ಹುಡುಕಿಕೊಡೋ ಟೂಲ್). ಬೇರೆ ಮೆಷಿನ್‌ನಿಂದ ಬ್ಯಾಶ್‌ಆರ್‌ಸಿ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸೋ ಬ್ಯಾಶ್‌ನ ಸೆಟ್ಟಿಂಗ್ ಫೈಲು) ಕಾಪಿ ಹೊಡ್ಕೊಂಡು ಬಂದೆ, ಟರ್ಮಿನಲ್ ತೆಗ್ದಾಗೆಲ್ಲ 'ಅನ್‌ನೋನ್ ಆಪ್ಷನ್: --ಬ್ಯಾಶ್' ಅಂತ ಒಂದೇ ರಾಗ. ಎಫ್‌ಝಡ್‌ಎಫ್‌ಗೆ ಆ ಆಪ್ಷನ್ ಬಂದಿದ್ದೇ 0.48ರಲ್ಲಿ, ನನ್ನ ಹತ್ರ ಇದ್ದಿದ್ದು 0.38. ಸರಿ, ನಿಯೋವಿಮ್ಮೂ ಹೊಸದು ಸಿಗುತ್ತಲ್ಲ ಅಂತ ಅತಿ ಬುದ್ಧಿವಂತಿಕೆ ಮಾಡಿ ಪ್ಯಾಕೇಜ್ ಎಲ್ಲಿಂದ ತರ್ಬೇಕು ಅಂತ ಹೇಳೋ ಸೋರ್ಸಸ್ ಲಿಸ್ಟ್‌ಗೆ ಟೆಸ್ಟಿಂಗ್ ರೆಪೋದ (ಮುಂದಿನ ಡೆಬಿಯನ್ ತಯಾರಾಗೋ ಜಾಗ) ಒಂದು ಲೈನ್ ಸೇರಿಸ್ದೆ, ಪ್ಯಾಕೇಜ್ ಹಾಕೋ ಟೂಲ್ ಆಪ್ಟ್, ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಮ್‌ಗೂ ಬೇಕಾದ ಲಿಬ್‌ಸಿ ಲೈಬ್ರರಿ ಸಮೇತ ಉದ್ದಕ್ಕೆ ಪಟ್ಟಿ ಬಿಚ್ಚಿಟ್ಟು ಕೇಳ್ತು, ನಾನು ಓದ್ದೇನೇ ವೈ ಒತ್ತಿಬಿಟ್ಟೆ. ಅಲ್ಲಿಗೆ ಅರ್ಧ ಸ್ಟೇಬಲ್ ಅರ್ಧ ಟೆಸ್ಟಿಂಗ್, ಲಿಬ್‌ಸಿ ಹಿಂದಕ್ಕೆ ತರೋದು ಸುಲಭ ಅಲ್ಲ. ಇದಕ್ಕೆ ಫ್ರಾಂಕನ್‌ಡೆಬಿಯನ್ ಅಂತ ಹೆಸರೇ ಇದೆ ಅಂತ ಆಮೇಲೆ ಗೊತ್ತಾಯ್ತು. ಒಂದು ಭಾನುವಾರ ಪೂರ್ತಿ ರೀಇನ್‌ಸ್ಟಾಲ್‌ಗೆ ಹೋಯ್ತು.

ಅವತ್ತಿಂದ ಸಿಸ್ಟಮ್ಮು ಆಪ್ಟ್ ಪಾಲು, ಹೊಸದೇ ಬೇಕಾದ ಮೂರ್ನಾಲ್ಕು ಟೂಲ್ ನನ್ನ ಪಾಲು. ಎಫ್‌ಝಡ್‌ಎಫ್, ನಿಯೋವಿಮ್ ರಿಲೀಸ್ ಫೈಲ್ ಇಳಿಸಿ ಹೋಮ್‌ನಲ್ಲಿರೋ .ಲೋಕಲ್/ಬಿನ್ ಒಳಗೆ. ಫೋಲ್ಡರ್ ಹೊಸದಾಗಿ ಮಾಡಿದ್ರೆ ಒಂದ್ಸಲ ಲಾಗೌಟ್ ಆಗಿ ಬನ್ನಿ, ಯಾಕಂದ್ರೆ ಪ್ರೊಫೈಲ್ ಫೈಲು ಲಾಗಿನ್ ಹೊತ್ತಲ್ಲಿ ಆ ಫೋಲ್ಡರ್ ಇದ್ರೆ ಮಾತ್ರ ಅದನ್ನ ಪಾತ್‌ಗೆ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಸೇರಿಸೋದು. ಪೈಥಾನ್ ಟೂಲ್‌ಗಳನ್ನ ಪಿಪ್‌ನಿಂದ (ಪೈಥಾನ್‌ದೇ ಇನ್‌ಸ್ಟಾಲರ್) ಹಾಕಕ್ಕೆ ಹೋದ್ರೆ ಡೆಬಿಯನ್ 12ರಿಂದ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತೆ, ದಾಟೋ ಆಪ್ಷನ್‌ಗೆ '--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್' ಅಂತಾನೇ ಹೆಸರಿಟ್ಟಿದ್ದಾರೆ, ಇನ್ನೇನ್ ಬಾಯಿಬಿಟ್ಟು ಹೇಳ್ಬೇಕು! ಒಂದೊಂದು ಟೂಲನ್ನೂ ಬೇರೆ ಬೇರೆಯಾಗಿಡೋ ಪಿಪ್‌ಎಕ್ಸ್ ಬಳಸಿ, ವಿಡಿಯೋ ಇಳಿಸೋ ವೈಟಿ-ಡಿಎಲ್‌ಪಿ ಥರದ್ದನ್ನ ಅದ್ರಲ್ಲಿ ಆರಾಮಾಗಿ ಅಪ್‌ಡೇಟ್ ಮಾಡ್ಕೋಬಹುದು. ಒಂದೇ ಬೇಜಾರು, ಇವ್ಯಾವ್ದೂ ಆಪ್ಟ್ ಕಣ್ಣಿಗೆ ಬೀಳಲ್ಲ, ನೆನಪಿಟ್ಕೊಂಡು ನಾವೇ ಅಪ್‌ಡೇಟ್ ಮಾಡ್ಬೇಕು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿರೋದು ಇದಕ್ಕೇ.

2025ರ ಆಗಸ್ಟ್‌ನಲ್ಲಿ 13 ಬಂತು, ಅಪ್‌ಗ್ರೇಡ್ ಸಲೀಸಾಗಿ ಆಯ್ತು. ಪೈಥಾನ್ 3.11 ಹೋಗಿ 3.13 ಬಂದಿದ್ರಿಂದ ಪಿಪ್‌ಎಕ್ಸ್ ಟೂಲ್ಸ್ ಎಲ್ಲಾ ಮಲಗಿದ್ವು, 'ರೀಇನ್‌ಸ್ಟಾಲ್-ಆಲ್' ಕೊಟ್ಟೆ, ಎದ್ವು. ಎಫ್‌ಝಡ್‌ಎಫ್ ಈಗ ಆಪ್ಟ್‌ನಲ್ಲೇ ಹೊಸದಿತ್ತಲ್ಲ ಅಂತ ನನ್ನ ಕಾಪಿ ಅಳಿಸ್ದೆ, ತಕ್ಷಣ 'ನೋ ಸಚ್ ಫೈಲ್'. ಎದೆ ಧಸಕ್ ಅಂತು. ಬ್ಯಾಶು ಹಳೇ ವಿಳಾಸಾನೇ ನೆನಪಿಟ್ಕೊಂಡು ಅಲ್ಲೇ ಹುಡುಕ್ತಿತ್ತು ಅಷ್ಟೇ, ಆ ನೆನಪು ಅಳಿಸೋ 'ಹ್ಯಾಶ್ -ಆರ್' ಹೊಡೆದೆ, ಓಡ್ತು.