ಟ್ರಯಲ್ ರಿಸೆಟ್ ಟೂಲ್ ಹಾಕಿಸಿಕೊಳ್ಳುವ ಮುನ್ನ ಇದನ್ನು ಓದಿ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಮ್ಮ ಭಾವನವರ ಡಿಟಿಪಿ ಅಂಗಡಿಯಿದೆ. ಮದುವೆಯ ಕರೆಯೋಲೆ, ಹೋಟೆಲುಗಳ ಮೆನು ಕಾರ್ಡು, ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು ಅಲ್ಲಿಯ ಮುಖ್ಯ ಕೆಲಸ; ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಕಳೆದ ಮಳೆಗಾಲದಲ್ಲಿ ಅಲ್ಲಿ ಆದದ್ದನ್ನು, ಇಂಥದೇ ಸಣ್ಣ ಅಂಗಡಿ ನಡೆಸುವವರಿಗೆ ತಿಳಿದಿರಲೆಂದು ಬರೆಯುತ್ತಿದ್ದೇನೆ.

ಪುಟವಿನ್ಯಾಸದ ತಂತ್ರಾಂಶವೊಂದರ 30 ದಿನಗಳ ಟ್ರಯಲ್ ಮುಗಿದಾಗ, ಕೆಲಸದ ಹುಡುಗನೊಬ್ಬ ಅದನ್ನು ಮತ್ತೆ ಮೊದಲಿನಿಂದ ಶುರುಮಾಡಿಸುವ ಟೂಲೊಂದನ್ನು ಡೌನ್‌ಲೋಡ್ ಮಾಡಿದ. ಜಿಪ್ ಕಡತಕ್ಕೆ ಪಾಸ್‌ವರ್ಡ್ ಇತ್ತು. ಆ ಪಾಸ್‌ವರ್ಡನ್ನು ಕಡತದ ಹೆಸರಿನಲ್ಲೇ ಬರೆದಿದ್ದರು. ಬೀಗ ಹಾಕಿದ ಜಿಪ್‌ನ ಒಳಗೇನಿದೆಯೆಂದು ಆಂಟಿವೈರಸ್ ನೋಡಲಾರದು, ಅದಕ್ಕೇ ಈ ಏರ್ಪಾಡು. ಆಂಟಿವೈರಸ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ, ‘ಹ್ಯಾಕ್‌ಟೂಲ್’ ಎಂದು ಎಚ್ಚರಿಕೆ ಬಂದರೆ ಲೆಕ್ಕಿಸಬೇಡಿ ಎಂದು ಜೊತೆಯ ಟಿಪ್ಪಣಿ ಹೇಳುತ್ತಿತ್ತು. ಟ್ರಯಲ್ ಶುರುವಾದ ದಿನಾಂಕವನ್ನು ತಂತ್ರಾಂಶಗಳು ಸಾಮಾನ್ಯವಾಗಿ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲೋ ಅಡಗಿಸಿಟ್ಟ ಕಡತದಲ್ಲೋ ಬರೆದಿಡುವುದರಿಂದ, ಅದನ್ನು ಅಳಿಸಲು ಹಲವು ಸಲ ಅಡ್ಮಿನ್ ಅಧಿಕಾರ ಬೇಕಾಗುವುದು ನಿಜ. ಹಾಗಾಗಿ ಆ ಬೇಡಿಕೆ ಯಾರಿಗೂ ಅಸಹಜವೆನಿಸುವುದಿಲ್ಲ. ಟೂಲ್ ಹೇಳಿದ ಕೆಲಸವನ್ನು ಮಾಡಿಯೂ ಕೊಟ್ಟಿತು, ಮತ್ತೆ 30 ದಿನ ಸಿಕ್ಕಿತು. ಇದರಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಅದೇ: ಕೆಲಸ ಕೈಗೂಡಿದ ಮೇಲೆ ಯಾರೂ ಅನುಮಾನಪಡುವುದಿಲ್ಲ.

ಮರುದಿನ ಸಂಘದ ಸಂಚಿಕೆಯ ಕಡತಗಳ ಹೆಸರಿಗೆಲ್ಲ ಗೊತ್ತಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು, ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲಿ ಒಂದು ‘ರೀಡ್‌ಮಿ’ ಕಡತ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಇದು ತಂತ್ರಾಂಶದ ಬೀಗ ಮುರಿಯುವ ಕ್ರ್ಯಾಕ್, ಕಳ್ಳ ಕೀಲಿಸಂಖ್ಯೆ ತಯಾರಿಸುವ ಕೀಜೆನ್‌ಗಳ ಬೆನ್ನೇರಿ ಹರಡುವುದಕ್ಕೆ ಕುಖ್ಯಾತವಾದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ಸ್ಟಾಪ್’ ರ್‍ಯಾನ್ಸಮ್‌ವೇರ್‌ನ ಪಡಿಯಚ್ಚು ಪತ್ರ. ಅದರ ಹಳೆಯ ತಳಿಗಳಿಗೆ ಎಮ್ಸಿಸಾಫ್ಟ್ ಸಂಸ್ಥೆ 2019ರಲ್ಲಿ ಆ ಬೀಗ ಬಿಚ್ಚುವ ಉಚಿತ ಡಿಕ್ರಿಪ್ಟರ್ ಹೊರತಂದಿತ್ತು. ನಮಗೆ ತಗಲಿದ್ದು ಹೊಸ ತಳಿಯಾದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಬ್ಯಾಕಪ್ ಹಾರ್ಡ್‌ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದುದರಿಂದ ಅದರಲ್ಲಿದ್ದದ್ದೂ ಹೋಯಿತು.

ಕಡತ ಹೋದದ್ದು ಕಣ್ಣಿಗೆ ಕಂಡಿತು, ಕದ್ದದ್ದು ಕಾಣಲಿಲ್ಲ. ವಾರ ಕಳೆದ ಮೇಲೆ ಥಾಣೆಯ ಹೋಟೆಲ್ ಮಾಲೀಕರೊಬ್ಬರು ಫೋನ್ ಮಾಡಿ, “ಮಾರಾಯ್ರೇ, ಬ್ಯಾಂಕ್ ಅಕೌಂಟ್ ಬದಲಾಯಿಸಿದ್ದೀರಾ? ಬಿಲ್ಲಿನಲ್ಲಿ ಬೇರೆ ನಂಬರ್ ಉಂಟಲ್ಲ” ಎಂದರು. ಬಿಲ್ಲು ಅಂಗಡಿಯ ಮೇಲ್‌ನಿಂದಲೇ ಹೋಗಿತ್ತು. ಓಟಿಪಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಮಾಹಿತಿ ಕದಿಯುವ ಇಂಥ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳ ಜೊತೆಗೆ ಲಾಗಿನ್ ಆಗಿರುವುದನ್ನು ನೆನಪಿಡುವ ಸೆಷನ್ ಕುಕೀಗಳನ್ನೂ ಒಯ್ಯುತ್ತವೆ, ಆಗಲೇ ಲಾಗಿನ್ ಆಗಿರುವ ಸೆಷನ್ ಹಲವು ಕಡೆ ಮತ್ತೆ ಓಟಿಪಿ ಕೇಳುವುದೇ ಇಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಟೂಲ್ ಓಡಿಸಿದ್ದರೆ, ಏನೂ ಆಗಿಲ್ಲವೆಂದು ಕಂಡರೂ, ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ತೆಗೆಯಿರಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಾಯಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ. ಬಳಿಕ ವಿಂಡೋಸನ್ನು ಹೊಸದಾಗಿ ಹಾಕಿಸಿ, ಏಕೆಂದರೆ ಟೂಲನ್ನು ಅಳಿಸಿದರೆ ಅದರ ಸಂಗಡ ಬಂದದ್ದು ಹೋಗುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ವ್ಯವಹಾರದ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಿ.