ಮೂಲ ಚಿತ್ರವನ್ನು ಮುಟ್ಟದ ಡಾರ್ಕ್‌ಟೇಬಲ್

ಹವ್ಯಾಸಕ್ಕೆ ಚಿತ್ರ ತೆಗೆದು, ಅವನ್ನು ತಿದ್ದುವ ಬಗೆಯನ್ನು ಪಾಠಗಳಾಗಿ ಬರೆಯುವ ನಾನು ನಾಲ್ಕು ವರ್ಷಗಳಿಂದ ಡಾರ್ಕ್‌ಟೇಬಲ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬಳಸುತ್ತಿದ್ದೇನೆ. ಅದಕ್ಕೂ ಮೊದಲು, ಬೇರೊಂದು ತಂತ್ರಾಂಶದಲ್ಲಿ ಅಜ್ಜಿಯ ಚಿತ್ರವನ್ನು ತಿದ್ದಿ ಮೂಲ ಕಡತದ ಮೇಲೆಯೇ ಉಳಿಸಿಬಿಟ್ಟಿದ್ದೆ. ಆ ನೋವು ಇನ್ನೂ ಇದೆ. ಡಾರ್ಕ್‌ಟೇಬಲ್ ಮೂಲ ಕಡತವನ್ನು ಮುಟ್ಟುವುದೇ ಇಲ್ಲ; ತಿದ್ದುಪಡಿಗಳೆಲ್ಲ ಪಕ್ಕದಲ್ಲೊಂದು ಪುಟ್ಟ ಎಕ್ಸ್‌ಎಂಪಿ ಕಡತದಲ್ಲಿ ದಾಖಲಾಗುತ್ತವೆ. ಪಾಠ ಬರೆಯುವವರಿಗೆ ಇದು ವರ. ಎಡಬದಿಯ ಇತಿಹಾಸದ ಪಟ್ಟಿಯಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ, ಆಯಾ ಹಂತದ ಚಿತ್ರವನ್ನು ಓದುಗರಿಗೆ ತೋರಿಸಬಹುದು.

ಮೊನ್ನೆ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದ ಹಿರಿಯರೊಬ್ಬರ ಮುಖ ಪೂರ್ತಿ ಕಪ್ಪಾಗಿ ಬಂದಿತ್ತು. ತಿದ್ದುಪಡಿ ಮುಖಕ್ಕಷ್ಟೇ ತಗಲುವಂತೆ ಅದರ ಸುತ್ತ ಮಾಸ್ಕ್ ಎಳೆದು, ಎಕ್ಸ್‌ಪೋಶರ್ ಅನ್ನು, ಅಂದರೆ ಬೆಳಕಿನ ಮಟ್ಟವನ್ನು, ಒಂದೂವರೆ ಸ್ಟಾಪ್ ಏರಿಸಿದೆ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟಾಗುತ್ತದೆ). ಕೆನ್ನೆಯ ಸುಕ್ಕುಗಳು ಒಂದೊಂದಾಗಿ ಎದ್ದು ಬಂದವು. ಕ್ಯಾಮೆರಾದ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ ಬೆಳಕಿನ 16,384 ಹಂತಗಳಿಗೆ ಜಾಗವಿದೆ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಹಾಗಾಗಿ ರಾದಲ್ಲೇ ತೆಗೆಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ.

ಡಾರ್ಕ್‌ಟೇಬಲ್‌ನಲ್ಲಿ ಮಾಡ್ಯೂಲ್‌ಗಳು, ಅಂದರೆ ತಿದ್ದುವ ಸಲಕರಣೆಗಳು, ಹತ್ತಾರು, ಮೊದಲ ವಾರ ತಲೆ ತಿರುಗುತ್ತದೆ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸಲು), ಕ್ರಾಪ್ (ಅಂಚು ಕತ್ತರಿಸಲು) ಈ ಮೂರನ್ನೇ ಹಿಡಿದು ಆರಂಭಿಸಿ. ಇದು ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಪಾಠ ಓದಿದವರು ಅಂದೇ ಇಳಿಸಿಕೊಂಡು ತಮ್ಮ ಚಿತ್ರದ ಮೇಲೆ ಮಾಡಿ ನೋಡಬಹುದು ಎಂಬುದೇ ನನಗೆ ದೊಡ್ಡ ಸಂತೋಷ.