ಬಯಲು ಅಡುಗೆಮನೆಗೆ ಉಗ್ರಾಣ ಮತ್ತು ಯುಟಿಲಿಟಿ: ಹಲವು ಮಳೆಗಾಲಗಳ ಬಳಕೆಯ ನಂತರ

ಮಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಲ್, ಊಟದ ಜಾಗ ಮತ್ತು ಅಡುಗೆಮನೆಯ ನಡುವೆ ಗೋಡೆಯೇ ಇಲ್ಲದಂತೆ ಕಟ್ಟುವುದು ಈಗ ರೂಢಿಯಾಗಿದೆ. ಗಾಳಿ, ಬೆಳಕು ಧಾರಾಳವಾಗಿ ಬರುತ್ತವೆ ಎಂಬುದು ನಿಜ. ಆದರೆ ಕುಚ್ಚಲಕ್ಕಿಯ ಚೀಲ, ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ, ಒದ್ದೆ ಕೊಡೆ, ಇಸ್ತ್ರಿಗೆ ಕಾದಿರುವ ಬಟ್ಟೆ, ನೆಲ ಒರೆಸುವ ಕೋಲು ಇವುಗಳಿಗೆ ನಕ್ಷೆಯಲ್ಲಿ ಜಾಗವೇ ಇರುವುದಿಲ್ಲ. ನಮ್ಮ ಎರಡು ಬೆಡ್‌ರೂಮಿನ ಮನೆಗೆ ಒಂದು ಒಳಾಂಗಣ ಸಂಸ್ಥೆಯಿಂದ ಮೂರು ಕೆಲಸಗಳನ್ನು ಮಾಡಿಸಿಕೊಂಡೆವು: ಅಡುಗೆಮನೆಗೂ ಹಾಲ್‌ಗೂ ನಡುವೆ ನೆಲದಿಂದ ಮುಚ್ಚಿಗೆಯವರೆಗಿನ ಕಪಾಟು, ಅಡುಗೆಮನೆಯ ಪಕ್ಕದ ಚಿಕ್ಕ ಬಾಲ್ಕನಿಯಲ್ಲಿ ಯುಟಿಲಿಟಿ (ತೊಳೆಯುವ, ಒಣಗಿಸುವ ಕೆಲಸದ ಜಾಗ), ಮನೆಯೊಳಗಿನ ಓಣಿಯ ಮೇಲೆ ಅಟ್ಟ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುವ ಊರಿನಲ್ಲಿ ಇಂತಹ ಕೆಲಸದ ಗುಣವನ್ನು ಹಸ್ತಾಂತರದ ದಿನದ ಹೊಳಪನ್ನು ನೋಡಿ ಅಳೆಯಲಾಗದು.

ಮೂರರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯುಟಿಲಿಟಿ. ಬಯಲು ಮನೆಯಲ್ಲಿ ಮಿಕ್ಸಿಯ ಸದ್ದು, ಮೀನು ತೊಳೆದ ವಾಸನೆ, ವಾಷಿಂಗ್ ಮೆಷಿನ್ನಿನ ಗಡಗಡ ಎಲ್ಲವೂ ನೇರವಾಗಿ ಸೋಫಾದ ತನಕ ಬರುತ್ತವೆ; ಒಂದು ಅಲ್ಯೂಮಿನಿಯಂ ಜಾರುಬಾಗಿಲು ಇವನ್ನೆಲ್ಲ ಬಹಳಮಟ್ಟಿಗೆ ತಡೆದಿದೆ. ಒಳಗೆ ಸಿಂಕ್, ಮೆಷಿನ್, ಗ್ಯಾಸ್ ಸಿಲಿಂಡರ್, ಮೇಲೆ ಹಗ್ಗ ಎಳೆದು ಇಳಿಸುವ ಬಟ್ಟೆಯ ಸರಳುಗಳಿವೆ. ಯುಟಿಲಿಟಿಯ ನೆಲ ಅಡುಗೆಮನೆಯ ನೆಲಕ್ಕಿಂತ ಒಂದಿಷ್ಟು ತಗ್ಗಾಗಿರುವುದರಿಂದ ಮೆಷಿನ್ನಿನ ಕೊಳವೆ ಕಳಚಿಕೊಂಡ ದಿನವೂ ನೀರು ಒಳಗೆ ಬರಲಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಸಂಸ್ಥೆ ಎಡವಿತು. ಮುಂಭಾಗದಲ್ಲಿ ಬಾಗಿಲಿರುವ (ಫ್ರಂಟ್ ಲೋಡ್) ವಾಷಿಂಗ್ ಮೆಷಿನ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ ಇರುತ್ತದೆ, ಆಳ ಕಂಪನಿಯಿಂದ ಕಂಪನಿಗೆ ಬದಲಾದರೂ ಹಿಂಬದಿಯ ಕೊಳವೆಗಳಿಗೆ ಇನ್ನಷ್ಟು ಜಾಗ ಬೇಕೇ ಬೇಕು. ಅವರು ಕಟ್ಟೆಯನ್ನು ಸರಿಯಾಗಿ 60 ಸೆಂ.ಮೀ. ಆಳಕ್ಕೆ ಮಾಡಿದ್ದರಿಂದ ಮೆಷಿನ್ ಮುಂದಕ್ಕೆ ಚಾಚಿಕೊಂಡು ನಿಂತಿದೆ, ಓಡಾಡುವವರ ಮೊಣಕಾಲಿಗೆ ತಾಗುತ್ತದೆ. ಸಿಲಿಂಡರಿನ ಗೂಡಿಗೆ ಅವರು ಮೊದಲು ತೋರಿಸಿದ್ದು ಪೂರ್ತಿ ಮುಚ್ಚಿದ ಬಾಗಿಲು. ಎಲ್‌ಪಿಜಿ ಗಾಳಿಗಿಂತ ಭಾರವಾದ ಅನಿಲ. ಸೋರಿದರೆ ನೆಲದ ಮಟ್ಟದಲ್ಲೇ ಶೇಖರವಾಗುತ್ತದೆ. ಆದ್ದರಿಂದ ಬಾಗಿಲಿನ ಕೆಳತುದಿಯಲ್ಲಿ ಜಾಲರಿ ಬೇಕೆಂದೂ ಸ್ವಿಚ್‌ಬೋರ್ಡನ್ನು ಅಲ್ಲಿಂದ ದೂರ ಸರಿಸಬೇಕೆಂದೂ ಹಟ ಹಿಡಿದು ಮಾಡಿಸಿಕೊಂಡೆವು. ನೋಟಕ್ಕೆ ಅದೇನೂ ಚಂದವಿಲ್ಲ, ಇರಲಿ.

ಕಪಾಟಿನ ಕಥೆ ಬೇರೆ. ಕೇವಲ 35 ಸೆಂ.ಮೀ. ಆಳದ ಭಾಗ, 60 ಸೆಂ.ಮೀ. ಆಳದ ಭಾಗ ಎರಡೂ ಅದರಲ್ಲಿವೆ. ತೆಳ್ಳಗಿನ ಭಾಗದಲ್ಲಿ ಬೇಳೆ, ಸಾಂಬಾರ ಪುಡಿ, ಹಪ್ಪಳದ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಾಗಿಲು ತೆರೆದರೆ ಏನಿದೆ, ಏನು ಮುಗಿದಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಳದ ಭಾಗದಲ್ಲಿ ಹಿಂದಿನ ಸಾಲಿಗೆ ಹೋದ ಡಬ್ಬಿ ಹುಳು ಬಿದ್ದ ಮೇಲೆಯೇ ಕೈಗೆ ಸಿಗುವುದು. ಇಂತಹ ಸಂಸ್ಥೆಗಳು ಬಹುಮಟ್ಟಿಗೆ ಮುಂಭಾಗದ ಚದರಡಿಯ ಲೆಕ್ಕದಲ್ಲಿ ದರ ಹೇಳುವುದರಿಂದ ಆಳ ಕಡಿಮೆಯಾದರೆ ಗ್ರಾಹಕನಿಗೆ ಅಷ್ಟೇನೂ ಉಳಿತಾಯವಾಗದು. ಹೇಗೂ ಹಣ ಕೊಡುತ್ತೇವಲ್ಲ, ಆಳವೂ ಇರಲಿ ಎಂಬ ಆಸೆ ಹುಟ್ಟುವುದು ಇಲ್ಲಿಯೇ. ದಿನಸಿಯ ಮಟ್ಟಿಗೆ ಆ ಆಸೆಯನ್ನು ಬಿಡುವುದು ಒಳ್ಳೆಯದು. 25 ಕೆ.ಜಿ. ಅಕ್ಕಿಗೆ ಡ್ರಾಯರ್ ಮಾಡಿಸಿರೆಂಬ ಸಲಹೆಯನ್ನು ಒಪ್ಪದೆ, ಕೆಳಗಿನ ಅರೆಯನ್ನು ಖಾಲಿ ಬಿಟ್ಟು ಚಕ್ರದ ಹಲಗೆಯ ಮೇಲೆ ಡ್ರಮ್ ಇಟ್ಟಿದ್ದೇವೆ. ಅದು ಇಂದಿಗೂ ಸಲೀಸಾಗಿ ಉರುಳುತ್ತದೆ.

ಮರದ ಗುಣಮಟ್ಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೀರಿಗೆ ಹತ್ತಿರವಿರುವಲ್ಲಿ ಭಾರತೀಯ ಮಾನಕ ಐಎಸ್ 710ರ ಗುರುತಿನ ಬಿಡಬ್ಲ್ಯೂಪಿ (ಕುದಿನೀರಿಗೂ ಜಗ್ಗದ) ಪ್ಲೈವುಡ್, ಉಳಿದೆಡೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರನ್ನು ಸ್ವಲ್ಪಮಟ್ಟಿಗೆ ತಡೆಯುವ) ಪ್ಲೈವುಡ್ ಎಂದು ಒಪ್ಪಂದದಲ್ಲಿತ್ತು. ಪೆಟ್ಟಿಗೆಗಳು ಹಾಗೆಯೇ ಬಂದವು, ಗಟ್ಟಿಯಾಗಿಯೂ ಇವೆ. ಆದರೆ ಸಿಂಕಿನ ಕೆಳಗಿನ ಬಾಗಿಲುಗಳು ಎಂಡಿಎಫ್‌ನವು (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಎಂಬುದು ಗೊತ್ತಾದದ್ದು ಎರಡನೆಯ ಮಳೆಗಾಲದಲ್ಲಿ, ಕೆಳಗಿನ ಅಂಚಿನ ಪಟ್ಟಿ ಬಿಟ್ಟುಕೊಂಡು ಒಳಗಿನ ಹುಡಿ ಉಬ್ಬಿ ಹೊರಗೆ ಬಂದಾಗ. ವಾರಂಟಿಯಲ್ಲಿ ನೀರಿನಿಂದಾದ ಹಾನಿ ಸೇರುವುದಿಲ್ಲ ಎಂದು ಸಂಸ್ಥೆ ಉತ್ತರಿಸಿತು. ನೀರು ಬೀಳುವ ಜಾಗಕ್ಕೆಂದೇ ಮಾಡಿದ ಬಾಗಿಲಿಗೆ ಈ ಷರತ್ತು ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಆ ಎರಡು ಬಾಗಿಲುಗಳನ್ನು ಸ್ಥಳೀಯ ಬಡಗಿಯೊಬ್ಬರಿಂದ ಪ್ಲೈವುಡ್‌ನಲ್ಲಿ, ಓರೆಪಟ್ಟಿಗಳ ನಡುವೆ ಗಾಳಿಯಾಡುವ ಹಾಗೆ ಮಾಡಿಸಿ ಹಾಕಿಸಿದ ಮೇಲೆ ಉಬ್ಬಿಲ್ಲ, ಒಳಗಿನ ಮುಗ್ಗಲು ವಾಸನೆಯೂ ಹೋಗಿದೆ.

ಗಾಳಿಯ ವಿಷಯ ಅಟ್ಟಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕರಾವಳಿಯಲ್ಲಿ ಇರಿಚಲು ಮಳೆ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮದ ಹೊರಗೋಡೆ ತಿಂಗಳುಗಟ್ಟಲೆ ತೇವವಾಗಿರುತ್ತದೆ. ನಮ್ಮ ಅಟ್ಟದ ಒಂದು ತುದಿ ಅದೇ ಗೋಡೆಗೆ ಅಂಟಿಕೊಂಡಿದೆ. ಆ ಮೂಲೆಯಲ್ಲಿಟ್ಟ ಸೂಟ್‌ಕೇಸಿನ ಮೇಲೆ ಆಗಸ್ಟ್ ಹೊತ್ತಿಗೆ ಬಿಳಿಯ ಬೂಷ್ಟು ಕಟ್ಟುತ್ತದೆ, ಒಳಗೋಡೆಯ ಕಡೆಯಿಟ್ಟ ಹಬ್ಬದ ಪಾತ್ರೆಗಳಿಗೆ ಏನೂ ಆಗುವುದಿಲ್ಲ. ಹೊರಗೋಡೆಯಿಂದ ಒಂದೆರಡು ಇಂಚು ಬಿಟ್ಟು ಹಿಂಬದಿಯ ಹಲಗೆ ಕೂರಿಸಿದ್ದರೆ ಇದು ಬಹುಶಃ ತಪ್ಪುತ್ತಿತ್ತು.

ಮಾಡಿಸುವವರು ಮೊದಲು ಅಪಾರ್ಟ್‌ಮೆಂಟ್ ಸಂಘದ ಅನುಮತಿಯನ್ನು ಲಿಖಿತವಾಗಿ ಪಡೆಯಬೇಕು, ಏಕೆಂದರೆ ಬಾಲ್ಕನಿಗೆ ಗಾಜು ಹಾಕಿದರೆ ಕಟ್ಟಡದ ಹೊರನೋಟ ಬದಲಾಗುತ್ತದೆ. ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಹೊಸ ಕಟ್ಟಡಗಳಲ್ಲಿ ಕೊಳವೆಗೆಂದು ರಂಧ್ರ ಕೊರೆಯುವ ಮುನ್ನ ಎಂಜಿನಿಯರನ್ನು ಕೇಳುವುದು ಕಡ್ಡಾಯ.

ಯುಟಿಲಿಟಿಗೆ ಐದರಲ್ಲಿ ನಾಲ್ಕೂವರೆ, ತೆಳ್ಳಗಿನ ಕಪಾಟಿಗೆ ನಾಲ್ಕು, ಆಳದ ಭಾಗಕ್ಕೆ ಎರಡೂವರೆ, ಅಟ್ಟಕ್ಕೆ ಎರಡು ಅಂಕ ಕೊಡುತ್ತೇನೆ. ಸಂಸ್ಥೆಯ ಮಾರಾಟೋತ್ತರ ಸೇವೆಗೆ ಒಂದೇ ಅಂಕ. ಮುಂದಿನ ಮಳೆಗಾಲದೊಳಗೆ ಯುಟಿಲಿಟಿಗೆ ಎಗ್ಸಾಸ್ಟ್ ಫ್ಯಾನ್ ಒಂದನ್ನು ಹಾಕಿಸುವುದು ಬಾಕಿಯಿದೆ. ಅದಿಲ್ಲದೆ ಜುಲೈಯಲ್ಲಿ ಒಣಹಾಕಿದ ಬೆಡ್‌ಶೀಟ್ ಮೂರು ದಿನವಾದರೂ ಒಣಗುವುದಿಲ್ಲ.